ಬೀರುವಿನ ಬೆನ್ನ ಮೇಲೆ ಮ್ಯೂನಿಕ್ ಫೈನಲ್

ಐದು ಗೋಲು ತಿಂದೆವು. ಒಂದೂ ವಾಪಸ್ ಕೊಡಲಿಲ್ಲ. 2025ರ ಜೂನ್ 1ರ ಬೆಳಗಿನ ಜಾವ ಎರಡೂವರೆಗೆ ಟಿವಿ ಆರಿಸಿದಾಗ ಶಿವಮೊಗ್ಗದಲ್ಲಿ ಮಳೆ ಹೊಡೆಯುತ್ತಿತ್ತು. ಮ್ಯೂನಿಕ್‌ನಲ್ಲಿ ಅದಿನ್ನೂ ಮೇ 31ರ ರಾತ್ರಿ. ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್‌ನ ಫೈನಲ್, ಪ್ಯಾರಿಸ್‌ನ ಪಿಎಸ್‌ಜಿ 5, ಇಟಲಿಯ ಇಂಟರ್ ಮಿಲಾನ್ 0. ಈ ಕಪ್‌ನ ಫೈನಲ್‌ನಲ್ಲಿ ಅಷ್ಟು ಅಂತರದಲ್ಲಿ ಯಾರೂ ಅದುವರೆಗೆ ಸೋತಿರಲಿಲ್ಲ.

ನಾನು 2010ರಿಂದ ಇಂಟರ್ ಕಡೆಯವನು. ಮೌರಿನ್ಯೊ ಕೋಚ್ ಆಗಿದ್ದಾಗ ಮ್ಯಾಡ್ರಿಡ್‌ನಲ್ಲಿ ಮಿಲಿಟೊ ಎರಡು ಗೋಲು ಹೊಡೆದು ಬಾಯರ್ನ್ ತಂಡವನ್ನು ಮಣಿಸಿದ್ದನ್ನು ಹಾಸ್ಟೆಲ್‌ನ ಟಿವಿಯಲ್ಲಿ ನೋಡಿ ಹಚ್ಚಿಕೊಂಡ ಹುಚ್ಚು ಇದು. ಹಾಗಾಗಿ ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದರೆ ಗೆಳೆಯರೆಲ್ಲರದ್ದೂ ಒಂದೇ ಮಾತು: "ಡಿಮಾರ್ಕೊ ಮುಳುಗಿಸಿದ." ಡಿಮಾರ್ಕೊ ನಮ್ಮ ಎಡಬದಿಯ ಆಟಗಾರ. ಮೊದಲ ಗೋಲಿನಲ್ಲಿ ಹಿಂದೆ ಉಳಿದು, ಎದುರಾಳಿ ಆಫ್‌ಸೈಡ್ (ಕೊನೆಯ ಡಿಫೆಂಡರ್‌ನನ್ನೂ ದಾಟಿ ನಿಂತು ಪಾಸ್ ಪಡೆಯುವ ತಪ್ಪು) ಆಗದಂತೆ ಮಾಡಿದವನು ಅವನೇ, ಎರಡನೆಯದಕ್ಕೆ ಬಾಲ್ ತಗುಲಿದ್ದೂ ಅವನ ಕಾಲಿಗೇ. ನೋಡಿದವರಿಗೆಲ್ಲ ಹಾಗೇ ಕಾಣುತ್ತದೆ, ಸುಳ್ಳೇನಲ್ಲ. ಆದರೆ ನನಗೆ ಒಳಗೊಳಗೇ ಏನೋ ಲೆಕ್ಕ ತಪ್ಪಿದಂತೆ ಅನಿಸುತ್ತಿತ್ತು.

ಆ ಮೊದಲ ಗೋಲನ್ನು ಹಿಂದೆ ಮುಂದೆ ಓಡಿಸಿ ಎಷ್ಟು ಸಲ ನೋಡಿದೆನೋ. ಟಿವಿ ಕ್ಯಾಮೆರಾ ಬಾಲ್‌ನ ಹಿಂದೆಯೇ ಓಡುತ್ತದೆ. ಬಾಲ್ ಇಲ್ಲದ ಕಡೆ ಯಾರು ಎಲ್ಲಿದ್ದಾರೆ ಅನ್ನುವುದು ತಲೆಯಲ್ಲಿ ನಿಲ್ಲುವುದಿಲ್ಲ. ಊಟದ ಟೇಬಲ್ ಮೇಲೆ ಕಡಲೆಕಾಳು, ಹುಣಸೆಬೀಜ ಇಟ್ಟುಕೊಂಡು ಶುರು ಮಾಡಿದೆ. ಅಮ್ಮ ಸಾರಿನ ಪಾತ್ರೆ ತಂದು ಸರಿಯಾಗಿ ಪೆನಾಲ್ಟಿ ಬಾಕ್ಸ್ ಮೇಲೆ ಇಟ್ಟರು. ಮೈದಾನದ ಗೆರೆ ಬರೆದು ಆಟಗಾರರನ್ನು ಇಟ್ಟು ಸರಿಸುವಂಥ ಒಂದು ಬೋರ್ಡ್ ಮಾಡಿಕೊಳ್ಳುವುದೇ ಸರಿ ಅಂತ ಆಗಲೇ ತೀರ್ಮಾನವಾಯಿತು.

ತಗಡು

ಅಂಗಡಿಯಲ್ಲಿ ಸಿಗುವ ಕೋಚ್ ಬೋರ್ಡ್‌ಗಳು ಚಿಕ್ಕವು. ಅದಕ್ಕಿಂತ ಮುಖ್ಯ, ಅವುಗಳಲ್ಲಿ ಅಳತೆ ಇರುವುದಿಲ್ಲ. ಬಾಕ್ಸ್ ಒಂದು ಅಂದಾಜು, ಸರ್ಕಲ್ ಇನ್ನೊಂದು ಅಂದಾಜು. ನನ್ನ ತಕರಾರು ಇದ್ದದ್ದೇ ಎರಡು ಮೂರು ಹೆಜ್ಜೆಗಳ ಬಗ್ಗೆ. ಅಂದಾಜಿನ ಬೋರ್ಡ್ ತಗೊಂಡು ಏನು ಮಾಡಲಿ?

ದೊಡ್ಡ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಒಂದು ಮೀಟರ್‌ಗೆ ಒಂದು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ಲೆಕ್ಕ ಸಲೀಸು. ಸುತ್ತ ಐದು ಸೆಂಟಿಮೀಟರ್ ಅಂಚು ಬಿಟ್ಟರೆ 115 ಬೈ 78 ಆಗುತ್ತದೆ. ಅಷ್ಟು ದೊಡ್ಡ, ಮ್ಯಾಗ್ನೆಟ್ ಹಿಡಿಯುವ ತಗಡು ಎಲ್ಲಿ ಸಿಗುತ್ತದೆ ಅಂತ ಯೋಚಿಸುತ್ತಾ ಗುಜರಿ ಅಂಗಡಿಗೆ ಹೋದರೆ, ಗೋಡೆಗೆ ಒರಗಿಸಿದ್ದ ಹಳೇ ಸ್ಟೀಲ್ ಬೀರು ಕಂಡಿತು. ಬಾಗಿಲು ಕಿತ್ತುಹೋಗಿತ್ತು, ಹಿಂಬದಿಯ ತಗಡು ಮಾತ್ರ ಗಟ್ಟಿಮುಟ್ಟಾಗಿತ್ತು. ಆರಡಿ ಉದ್ದ, ಮೂರಡಿ ಅಗಲ. ಬಿಚ್ಚಿ ತೂಕ ಹಾಕಿದರು, ಎಂಟು ಕೆಜಿ. ಅಂಗಡಿಯವರು "ಏನಕ್ಕೆ ಸಾರ್, ಕೋಳಿ ಗೂಡಿಗಾ?" ಅಂತ ಕೇಳಿದರು. ಹೂಂ ಅಂದೆ. ಫುಟ್‌ಬಾಲ್ ಅಂದಿದ್ದರೆ ಇನ್ನೂ ಹತ್ತು ನಿಮಿಷ ನಿಂತು ವಿವರಿಸಬೇಕಿತ್ತು.

ತಗಡು ಕತ್ತರಿಯಲ್ಲಿ ಕತ್ತರಿಸುವುದು ಹೇಳಿದಷ್ಟು ಸುಲಭವಲ್ಲ. ಅಂಚು ಅಲೆ ಅಲೆಯಾಗಿ ಏಳುತ್ತದೆ. ಕೈಗೆ ಗ್ಲೌಸ್ ಹಾಕದೆ ಕೂತಿದ್ದಕ್ಕೆ ಹೆಬ್ಬೆರಳ ಬುಡದಲ್ಲಿ ಗೀರಿತು. ಟಿಟಿ ಇಂಜೆಕ್ಷನ್ ಮಾಡಿಸಿಕೊಂಡು ಬಂದು ಅಂಚನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅರದಲ್ಲಿ ಉಜ್ಜಿ ಮೊಂಡು ಮಾಡಿದೆ. ಹಿಂದೆ 12 ಎಂಎಂ ಪ್ಲೈವುಡ್ ಕೊಟ್ಟು ರಬ್ಬರ್ ಅಂಟು ಬಳಿದು ಕೂರಿಸಿದೆ. ಇದೊಂದು ಮಾತು ನೆನಪಿಡಿ: ಅಂಟು ಎರಡೂ ಕಡೆ ಬಳಿದು ಹದಿನೈದು ನಿಮಿಷ ಆರಲು ಬಿಡಬೇಕು, ಒಂದು ತುದಿಯಿಂದ ಒತ್ತುತ್ತಾ ಬರಬೇಕು. ನಾನು ಅವಸರದಲ್ಲಿ ನಡುವಿನಿಂದ ಒತ್ತಿದೆ. ಒಂದು ಕಡೆ ಗಾಳಿ ಸಿಕ್ಕಿಕೊಂಡಿತು. ಈಗಲೂ ಬೋರ್ಡಿನ ಎಡ ಮೂಲೆಯನ್ನು ಒತ್ತಿದರೆ ಡಬ್ ಅನ್ನುತ್ತದೆ.

ಹಸಿರು ಬಣ್ಣ, ಮಳೆಹುಳ

ಆ ವರ್ಷ ಮುಂಗಾರು ಬೇಗ ಬಂದಿತ್ತು, ಮೇ 24ಕ್ಕೇ ಕೇರಳ ಮುಟ್ಟಿತ್ತು. ಅಂಥ ಹವೆಯಲ್ಲಿ ಎನಾಮಲ್ ಬಣ್ಣ ಹೊಡೆಯುವವನು ನನ್ನಂಥ ದಡ್ಡ ಮಾತ್ರ. ಹಳೇ ಬಣ್ಣ ಉಜ್ಜಿ ತೆಗೆದು, ತುಕ್ಕು ಹಿಡಿದ ಕಡೆ ರೆಡ್ ಆಕ್ಸೈಡ್ ಕೊಟ್ಟು, ಮೇಲೆ ಹಸಿರು ಬಳಿದೆ. ಒಂದು ದಿನಕ್ಕೆ ಒಣಗಬೇಕಾದದ್ದು ಮೂರು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಎರಡನೇ ರಾತ್ರಿ ಟ್ಯೂಬ್‌ಲೈಟ್‌ಗೆ ಬಂದ ಮಳೆಹುಳಗಳಲ್ಲಿ ಒಂದು ಬೋರ್ಡ್ ಮೇಲೆ ಬಿತ್ತು. ಹುಳ ತೆಗೆದೆ, ರೆಕ್ಕೆ ಮಾತ್ರ ಉಳಿದುಹೋಯಿತು. ಆಮೇಲೆ ಗೆರೆ ಎಳೆದಾಗ ಅದು ಇಂಟರ್ ಬಾಕ್ಸ್‌ನ ಅಂಚಿಗೆ ಬಂತು. ಅಲ್ಲೇ ಇರಲಿ ಅಂತ ಬಿಟ್ಟೆ.

ಹೊಳಪು ಇನ್ನೊಂದು ತಲೆನೋವು. ಫೋನ್‌ನಲ್ಲಿ ಫೋಟೊ ತೆಗೆದರೆ ಮೈದಾನದ ನಡುವೆ ಟ್ಯೂಬ್‌ಲೈಟ್ ಬೆಳ್ಳಗೆ ಹೊಳೆಯುತ್ತಿತ್ತು. 400 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಇಡೀ ಬೋರ್ಡನ್ನು ಹಗುರಾಗಿ ಉಜ್ಜಿದೆ. ಹೊಳಪು ಹೋಗಿ ಹುಲ್ಲಿನಂಥ ಮಬ್ಬು ಬಂತು. ಮೊದಲೇ ಮ್ಯಾಟ್ ಬಣ್ಣ ಕೇಳಿ ತಂದಿದ್ದರೆ ಈ ಕೆಲಸ ಉಳಿಯುತ್ತಿತ್ತು.

ಗೆರೆಗಳಿಗೆ ಬಿಳಿ ಪೇಂಟ್ ಮಾರ್ಕರ್, ಸ್ಟೀಲ್ ಸ್ಕೇಲು. ಪೆನಾಲ್ಟಿ ಬಾಕ್ಸ್ 16.5 ಸೆಂಟಿಮೀಟರ್ ಆಳ, 40.3 ಅಗಲ. ಪೆನಾಲ್ಟಿ ಚುಕ್ಕೆ ಗೋಲಿನಿಂದ 11. ಗೋಲು 7.3 ಅಷ್ಟೇ. ಸೆಂಟರ್ ಸರ್ಕಲ್‌ಗೂ ಬಾಕ್ಸ್ ಮುಂದಿನ ಕಮಾನಿಗೂ ಒಂದೇ ತ್ರಿಜ್ಯ, 9.15. ತಗಡಿಗೆ ಮೊಳೆ ಹೊಡೆಯುವಂತಿಲ್ಲ, ಕೈವಾರ ಜಾರುತ್ತದೆ. ಒಂದು ಗಟ್ಟಿ ಮ್ಯಾಗ್ನೆಟ್‌ಗೆ ದಾರ ಕಟ್ಟಿ ಚುಕ್ಕೆಯ ಮೇಲೆ ಕೂರಿಸಿ, ದಾರದ ಇನ್ನೊಂದು ತುದಿಗೆ ಮಾರ್ಕರ್ ಸಿಕ್ಕಿಸಿ ತಿರುಗಿಸಿದೆ. ದುಂಡಗೆ ಬಂತು.

ಆಟಗಾರರು

ಆ ಗಟ್ಟಿ ಮ್ಯಾಗ್ನೆಟ್‌ಗಳನ್ನು ನಾನು ತರಿಸಿದ್ದು ಸರ್ಕಲ್ ಬರೆಯಲು ಅಲ್ಲ, ಆಟಗಾರರಿಗೆ. 10 ಎಂಎಂ ಅಗಲದ ನಿಯೋಡಿಮಿಯಂ ಬಿಲ್ಲೆಗಳು. ಇಟ್ಟು ನೋಡಿದ ಕೂಡಲೇ ಎಡವಟ್ಟು ಗೊತ್ತಾಯಿತು. ನನ್ನ ಅಳತೆಯಲ್ಲಿ ಒಬ್ಬ ಇನ್ನೊಬ್ಬನನ್ನು ಕಾಯುತ್ತಿದ್ದಾನೆ ಅಂದರೆ ಇಬ್ಬರ ನಡುವೆ ಒಂದೆರಡು ಸೆಂಟಿಮೀಟರ್. ಅಷ್ಟು ಹತ್ತಿರ ತಂದರೆ ಕೆಲವು ಟಕ್ ಅಂತ ಅಂಟಿಕೊಳ್ಳುತ್ತವೆ, ಕೆಲವು ದೂರ ಜಾರುತ್ತವೆ. ನಮ್ಮ ಡಿಫೆಂಡರ್ ಬಾಸ್ತೋನಿಯನ್ನು ಸರಿಸಿದರೆ ಪಕ್ಕದ ಡಿಫೆಂಡರ್ ಅಚೆರ್ಬಿ ತಾನಾಗಿಯೇ ಓಡುತ್ತಿದ್ದ. ಮ್ಯೂನಿಕ್‌ನಲ್ಲಿ ಹಾಗೆ ಓಡಿದ್ದರೆ ಚೆನ್ನಾಗಿತ್ತು.

ದಾರಿ ತೋರಿಸಿದವರು ನಮ್ಮ ಬೀದಿಯ ಫ್ರಿಜ್ ರಿಪೇರಿಯವರು. ಫ್ರಿಜ್ ಬಾಗಿಲಿನ ರಬ್ಬರ್ ಒಳಗೆ ಒಂದು ಕಪ್ಪು ಪಟ್ಟಿ ಇರುತ್ತದೆ, ಅದೂ ಮ್ಯಾಗ್ನೆಟ್ಟೇ. ಎಳೆದರೆ ಉದ್ದಕ್ಕೆ ಬರುತ್ತದೆ, ಮನೆಯ ಕತ್ತರಿಯಲ್ಲೇ ಕತ್ತರಿಸಬಹುದು. ತಗಡಿಗೆ ಸಾಕಷ್ಟು ಹಿಡಿಯುತ್ತದೆ, ಪಕ್ಕದವನನ್ನು ಎಳೆಯುವುದಿಲ್ಲ. ಬಿಸಾಡಿದ್ದ ಒಂದು ರಬ್ಬರ್ ಸುಮ್ನೆ ಕೊಟ್ಟರು. ಇಪ್ಪತ್ತೆರಡು ತುಂಡು ಮಾಡಿಕೊಂಡೆ.

ತುಂಡಿನ ಮೇಲೆ ಅಂಗಿ ಗುಂಡಿ. ಆ ರಾತ್ರಿ ಇಂಟರ್ ತೊಟ್ಟಿದ್ದು ಹಳದಿ ಜೆರ್ಸಿ, ಪಿಎಸ್‌ಜಿಯದ್ದು ಕಡು ನೀಲಿ. ಮ್ಯಾಚಿಂಗ್ ಸೆಂಟರ್‌ನಲ್ಲಿ ಎರಡೂ ಸಿಕ್ಕಿದವು. ಫೆವಿಕ್ವಿಕ್ ಹಾಕಿ ಅಂಟಿಸಿದೆ, ಮೇಲೆ ನಂಬರ್ ಬರೆದೆ. ಪಿಎಸ್‌ಜಿಯ ಡುಎಗೆ 14, ಡೆಂಬೆಲೆಗೆ 10, ನಮ್ಮ ಅಚೆರ್ಬಿಗೆ 15, ಡಿಮಾರ್ಕೊಗೆ 32. ಬಾಲ್‌ಗೆ ಒಂದು ಬಿಳಿ ಸಣ್ಣ ಗುಂಡಿ.

ಯಾರನ್ನು ಎಲ್ಲಿ ಇಡುವುದು ಅನ್ನುವುದೇ ನಿಜವಾದ ಕೆಲಸ. ವಿಡಿಯೊ ನಿಲ್ಲಿಸಿ, ಬಾಕ್ಸ್‌ನ ಗೆರೆಯನ್ನೂ ಹುಲ್ಲು ಕತ್ತರಿಸಿದ ಪಟ್ಟೆಗಳನ್ನೂ ಹಿಡಿದು ದೂರ ಲೆಕ್ಕ ಹಾಕಬೇಕು. ಚಿತ್ರದಲ್ಲಿ ಕಾಣದವರನ್ನು ಬೋರ್ಡಿನ ಅಂಚಿಗೆ ಕಳಿಸುತ್ತಿದ್ದೆ. ರೀಪ್ಲೇಯಲ್ಲಿ ಸಿಕ್ಕರೆ ಒಳಗೆ ಕರೆಯುತ್ತಿದ್ದೆ. ಒಂದು ಕ್ಷಣಕ್ಕೆ ಅರ್ಧ ಗಂಟೆ ಹಿಡಿಯಿತು.

ಮೊದಲ ಚಿತ್ರ: ಕಿಕ್‌ಆಫ್

ಪಂದ್ಯದ ಮೊದಲ ಒದೆತದಲ್ಲೇ ಪಿಎಸ್‌ಜಿಯ ವಿಟಿನ್ಯಾ ಬಾಲನ್ನು ನೇರ ಹೊರಗೆ ಹೊಡೆದ, ಇಂಟರ್‌ನ ಮೂಲೆಯ ಹತ್ತಿರ. ಅವತ್ತು ರಾತ್ರಿ ನಾನು ನಕ್ಕಿದ್ದೆ, ಹುಡುಗನಿಗೆ ಭಯ ಅಂತ. ಬೋರ್ಡ್ ಮೇಲೆ ಇಟ್ಟಾಗ ನಗು ಹೋಯಿತು. ಥ್ರೋ ನಮ್ಮದೇ, ಆದರೆ ಜಾಗ ನಮ್ಮ ಮೂಲೆ. ನೀಲಿ ಗುಂಡಿಗಳೆಲ್ಲ ಅದೇ ಕಡೆಗೆ ಮುನ್ನುಗ್ಗಿವೆ. ಬಾಲ್ ಎದುರಾಳಿಗೆ ಕೊಟ್ಟು, ಅವರನ್ನು ಮೂಲೆಗೆ ಕಟ್ಟಿಹಾಕುವ ಲೆಕ್ಕ. ರಗ್ಬಿಯಲ್ಲಿ ಈ ಥರ ಆಡುತ್ತಾರೆ. ಪಿಎಸ್‌ಜಿ ಕೋಚ್ ಲೂಯಿಸ್ ಎನ್ರಿಕೆ ಆ ಸೀಸನ್‌ನಲ್ಲಿ ಇದನ್ನು ಬೇರೆ ಪಂದ್ಯಗಳಲ್ಲೂ ಮಾಡಿಸಿದ್ದ.

ಎರಡನೇ ಚಿತ್ರ: 12ನೇ ನಿಮಿಷ

ಇದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು. ವಿಟಿನ್ಯಾ ಬಾಕ್ಸ್ ಒಳಗೆ ಡುಎಗೆ ಬಾಲ್ ತೂರಿಸಿದ. ಡುಎ ತಿರುಗಿ ಗೋಲಿನ ಮುಂದಕ್ಕೆ ಸರಿಸಿದ. ಅಲ್ಲಿ ಒಂಟಿಯಾಗಿ ನಿಂತಿದ್ದ ಹಕೀಮಿ ಒಳಗೆ ತಳ್ಳಿದ. ಹಕೀಮಿ ಹಿಂದೆ ನಮ್ಮವನೇ, 2021ರಲ್ಲಿ ನಮ್ಮ ಜೊತೆ ಇಟಲಿಯ ಲೀಗ್ ಗೆದ್ದವನು. ಗೋಲು ಹೊಡೆದು ಸಂಭ್ರಮ ಪಡದೆ ಕೈ ಎತ್ತಿ ಕ್ಷಮೆ ಕೇಳಿದ. ಅದು ಇನ್ನೂ ಉರಿಯಿತು.

ಗುಂಡಿ ಜೋಡಿಸಿ ಸ್ಕೇಲು ಇಟ್ಟೆ. ಉಳಿದ ಹಳದಿಗಳು ಮುಂದಕ್ಕೆ ಬಂದಿವೆ, 32 ಮಾತ್ರ ಹಿಂದೆ ಉಳಿದಿದೆ. ಅವನಿಂದಾಗಿಯೇ ಡುಎ ಆಫ್‌ಸೈಡ್ ಅಲ್ಲ. ಗೆಳೆಯರು ಹೇಳಿದ್ದು ಸರಿ. ಬೇಜಾರಾಗಿ ಎದ್ದು ಕಾಫಿ ಮಾಡಿಕೊಳ್ಳಲು ಹೋದೆ.

ಬೇಸಿಗೆ ರಜೆ ಮುಗಿದರೂ ಅಕ್ಕನ ಮಗ ಇನ್ನೂ ನಮ್ಮಲ್ಲೇ ಇದ್ದ. ಹತ್ತು ವರ್ಷ. ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೇ, ಗುಂಡಿಗಳು ಇಷ್ಟ. ಬೋರ್ಡ್ ಮುಂದೆ ಕುಕ್ಕರಗಾಲಲ್ಲಿ ಕೂತು 15ರ ಮೇಲೆ ಬೆರಳಿಟ್ಟ.

"ಮಾವ, ಇವನು ಯಾರನ್ನ ಹಿಡ್ಕೊಂಡಿದಾನೆ?"

"ಅವನು ಅಚೆರ್ಬಿ. ಎದುರಿನ ಸ್ಟ್ರೈಕರ್‌ನ ನೋಡ್ಕೋಬೇಕು."

"ಸ್ಟ್ರೈಕರ್ ಎಲ್ಲಿ?"

ನೋಡಿದೆ. ಸ್ಟ್ರೈಕರ್ ಇರಲಿಲ್ಲ. 10ನೇ ಗುಂಡಿ, ಅಂದರೆ ಡೆಂಬೆಲೆ, ಅಚೆರ್ಬಿ ಮುಟ್ಟುವಷ್ಟು ಹತ್ತಿರ ಇರಲಿಲ್ಲ. ಮೂರು ಜನ ಕಾವಲಿಗೆ ಕೂತ ಮನೆಗೆ ಕಳ್ಳ ಮುಂಬಾಗಿಲಿಂದ ಬರಲೇ ಇಲ್ಲ.

ಇಂಟರ್ ಆಡಿದ್ದು 3-5-2, ಅಂದರೆ ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು. ಹಿಂದೆ ಪವಾರ್, ಅಚೆರ್ಬಿ, ಬಾಸ್ತೋನಿ. ನಡುವೆ ಬರೆಲ್ಲಾ, ಚಾಲ್ಹಾನೊಲು, ಮಿಖಿತಾರ್ಯಾನ್. ಎರಡು ಬದಿಗೆ ದುಮ್ಫ್ರೀಸ್ ಮತ್ತು ಡಿಮಾರ್ಕೊ. ಎದುರಾಳಿಗೆ ಒಬ್ಬರೋ ಇಬ್ಬರೋ ಸ್ಟ್ರೈಕರ್ ಇದ್ದರೆ ಈ ಮೂವರ ಗೋಡೆ ಸೊಗಸು. ಪಿಎಸ್‌ಜಿಯ ನಡುವಿನ ಸ್ಟ್ರೈಕರ್ ಸಾರಾಸಗಟು ಕೆಳಕ್ಕೆ ಇಳಿದುಬಿಡುತ್ತಿದ್ದ. ಆಗ ಮಧ್ಯದಲ್ಲಿ ವಿಟಿನ್ಯಾ, ನೆವಿಸ್, ಫಾಬಿಯನ್ ರೂಯಿಸ್ ಜೊತೆ ಡೆಂಬೆಲೆ ಸೇರಿ ನಾಲ್ಕು ನೀಲಿ, ಮೂರು ಹಳದಿ. ಡಿಮಾರ್ಕೊ ಇದ್ದ ಬದಿಯಲ್ಲಿ ಡುಎ ಮತ್ತು ಹಕೀಮಿ ಸೇರಿ ಎರಡು ನೀಲಿ, ಒಂದು ಹಳದಿ. ಎಲ್ಲ ಕಡೆ ನಮಗೆ ಒಬ್ಬ ಕಡಿಮೆ, ಯಾರೂ ಬಾರದ ಜಾಗದಲ್ಲಿ ಮಾತ್ರ ಒಬ್ಬ ಜಾಸ್ತಿ.

ಡಿಮಾರ್ಕೊ ಎರಡು ಹೆಜ್ಜೆ ತಡ ಮಾಡಿದ್ದು ನಿಜ. ಮುಂದೆ ಒಬ್ಬ, ಹಿಂದೆ ಒಬ್ಬ ಓಡಾಡುತ್ತಿದ್ದರೆ ಯಾವ ಕಡೆ ನೋಡುವುದು ಅಂತ ಒಂದು ಗಳಿಗೆ ಎಲ್ಲರೂ ತಡ ಮಾಡುತ್ತಾರೆ. ಆ ಗಳಿಗೆಯನ್ನು ಅವನಿಗೆ ತಂದಿಟ್ಟದ್ದು ಮೈದಾನದ ನಡುವಿನಲ್ಲಿ ಇದ್ದ ಒಬ್ಬನ ಕೊರತೆ. ನನ್ನ ವಾದ ಇಷ್ಟೇ.

ಹಾಗಾದರೆ ಅಚೆರ್ಬಿ ಡೆಂಬೆಲೆಯ ಹಿಂದೆ ಹೋಗಬೇಕಿತ್ತಾ? 15ನ್ನು ಮುಂದಕ್ಕೆ ಜರುಗಿಸಿದೆ. ಬಾಕ್ಸ್ ಮುಂದೆ ದೊಡ್ಡ ಬಾವಿ ತೆರೆದುಕೊಂಡಿತು. ಅದಕ್ಕೆ ಪಿಎಸ್‌ಜಿಯ ಎಡದಿಂದ ಕ್ವಾರಾಟ್ಸ್‌ಖೇಲಿಯಾ, ಬಲದಿಂದ ಡುಎ ಓಡಿ ಬರಬಹುದು. ಡುಎಗೆ ಆಗ 19 ವರ್ಷ, ಅಚೆರ್ಬಿಗೆ 37. ಆ ಓಟದ ಪಂದ್ಯ ನನಗೆ ಬೇಡ. ಹುಡುಗ "ಹಿಂದೆ ಇರೋ ಒಬ್ಬನ್ನ ತೆಗೆದು ಮಧ್ಯಕ್ಕೆ ಹಾಕು" ಅಂದ. ಹಾಕಿದೆ. ಬೋರ್ಡ್ ಮೇಲೆ ಚೆನ್ನಾಗಿ ಕಂಡಿತು. ಆದರೆ ನಾಲ್ಕು ವರ್ಷದಿಂದ ಕೋಚ್ ಇನ್ಝಾಗಿ ಒಂದೇ ಮಾದರಿಯಲ್ಲಿ ಪಳಗಿಸಿದ ತಂಡ ಅದು. ಫೈನಲ್ ದಿನ ಏಕಾಏಕಿ ಬೇರೆ ಆಟ ಆಡು ಅಂದರೆ ಆಗುವ ಮಾತಲ್ಲ.

ಕರೆಂಟ್ ಹೋದ ರಾತ್ರಿ

ಬೋರ್ಡನ್ನು ನೆಲದ ಮೇಲೆ ಮಲಗಿಸಿಕೊಂಡು ಗೋಲ್‌ಕಿಕ್ ಒಂದನ್ನು ಜೋಡಿಸುತ್ತಿದ್ದೆ. ಗಾಳಿ ಮಳೆಗೆ ಕರೆಂಟ್ ಹೋಯಿತು. ಹುಡುಗ ಟಾರ್ಚ್ ತಂದು ಬೋರ್ಡಿನ ಅಂಚಿಗೆ, ನೆಲಕ್ಕೆ ಒತ್ತಿ ಇಟ್ಟ. ಗುಂಡಿಗಳ ಉದ್ದುದ್ದ ನೆರಳು ಮೈದಾನದ ತುಂಬ ಹರಡಿತು.

ಟಾರ್ಚ್ ಇದ್ದದ್ದು ನಮ್ಮ ಗೋಲಿನ ಹಿಂದೆ, ಗೋಲ್‌ಕೀಪರ್ ಸೊಮರ್ ನಿಲ್ಲುವ ಕಡೆ. ಆ ಸಾಲಿನಲ್ಲಿ ಮೊದಲ ನೀಲಿ ಗುಂಡಿ ಡೆಂಬೆಲೆಯದ್ದು, ಬಾಕ್ಸ್ ಅಂಚಿನಲ್ಲಿ. ಪಂದ್ಯ ನೋಡಿದವರಿಗೆ ನೆನಪಿರಬಹುದು. ಸೊಮರ್ ಕಾಲಲ್ಲಿ ಬಾಲ್ ಇದ್ದಾಗಲೆಲ್ಲ ಡೆಂಬೆಲೆ ಅಲ್ಲಿ ಮೊಣಕಾಲು ಬಗ್ಗಿಸಿ, ಬೆಕ್ಕು ಇಲಿಯ ಬಿಲ ಕಾಯುವ ಹಾಗೆ ಕಣ್ಣು ನೆಟ್ಟು ನಿಂತಿರುತ್ತಿದ್ದ. ಅವನ ಗುಂಡಿಯ ನೆರಳು ಹಿಂದಕ್ಕೆ ಹೋಗಿ ಚಾಲ್ಹಾನೊಲು ಮೇಲೆ ಬಿದ್ದಿತ್ತು. ಅಂದರೆ ಸೊಮರ್‌ನಿಂದ ನಡುವಿಗೆ ನೇರ ಪಾಸ್ ಇಲ್ಲ. ಒಬ್ಬನೇ ಒಬ್ಬ ನಿಂತ ಜಾಗದಿಂದ ಇಬ್ಬರನ್ನು ಕಟ್ಟಿಹಾಕಿದ್ದಾನೆ. ಕೋಚ್‌ಗಳು ಇದನ್ನು ನೆರಳು ಅಂತಲೇ ಕರೆಯುತ್ತಾರೆ. ಆ ಮಾತನ್ನು ನಾನು ವರ್ಷಗಳಿಂದ ಕೇಳಿದ್ದೆ. ನಿಜವಾದ ನೆರಳನ್ನು ನೋಡಿದ್ದು ಅವತ್ತೇ.

ಹುಡುಗನಿಗೆ ಆಟ ಹಿಡಿಸಿತು. ಡೆಂಬೆಲೆಯನ್ನು ಒಂದು ಸೆಂಟಿಮೀಟರ್ ಎಡಕ್ಕೆ ಸರಿಸಿದ, ನೆರಳು ಬಾಸ್ತೋನಿ ದಾರಿಗೆ ಬಂತು. ಬಲಕ್ಕೆ ಸರಿಸಿದ, ಪವಾರ್ ಮರೆಯಾದ. ಆಗಿನ ಇಂಟರ್‌ನ ಇಡೀ ಜಾಣತನ ಇದ್ದದ್ದೇ ಹಿಂದಿನಿಂದ ಸಣ್ಣ ಪಾಸ್ ಕೊಟ್ಟು, ಎದುರಾಳಿಯನ್ನು ಮೇಲಕ್ಕೆ ಎಳೆದು, ಖಾಲಿಯಾದ ಜಾಗಕ್ಕೆ ನಮ್ಮ ಸ್ಟ್ರೈಕರ್‌ಗಳಾದ ಥುರಾಮ್ ಮತ್ತು ಲೌಟಾರೊಗೆ ಬಾಲ್ ಮುಟ್ಟಿಸುವುದರಲ್ಲಿ. ಮೊದಲ ಪಾಸೇ ಹೊರಡದಿದ್ದರೆ ಉಳಿದದ್ದೆಲ್ಲ ಎಲ್ಲಿಂದ? ಸೊಮರ್ ಉದ್ದ ಹೊಡೆಯಬೇಕಾಯಿತು. ಉದ್ದ ಹೊಡೆದದ್ದು ಪಿಎಸ್‌ಜಿ ಡಿಫೆಂಡರ್‌ಗಳಾದ ಮಾರ್ಕಿನ್ಯೋಸ್, ಪಾಚೊ ತಲೆಗೆ.

ಡೆಂಬೆಲೆ ಆ ಫೈನಲ್‌ನಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಎರಡು ಗೋಲಿಗೆ ಪಾಸ್ ಕೊಟ್ಟ. ಪಂದ್ಯ ಮುಗಿದ ಮೇಲೆ ಲೂಯಿಸ್ ಎನ್ರಿಕೆ, ಇವನು ಡಿಫೆಂಡ್ ಮಾಡಿದ ರೀತಿಗೇ ವರ್ಷದ ಅತ್ಯುತ್ತಮ ಆಟಗಾರನಿಗೆ ಸಿಗುವ ಬ್ಯಾಲನ್ ಡಿ'ಓರ್ ಕೊಡಬೇಕು ಅಂದ. ಸೆಪ್ಟೆಂಬರ್‌ನಲ್ಲಿ ಕೊಟ್ಟೇಬಿಟ್ಟರು. ನನಗೆ ಟಾರ್ಚ್ ಬೆಳಕಲ್ಲೇ ಗೊತ್ತಾಗಿತ್ತು ಅಂತ ಮನೆಯಲ್ಲಿ ಹೇಳಿಕೊಂಡೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಉಳಿದ ಗೋಲುಗಳು

20ನೇ ನಿಮಿಷದ್ದು ಜೋಡಿಸಲು ಕಷ್ಟ, ಮೈದಾನದ ಆ ತುದಿಯಿಂದ ಈ ತುದಿಗೆ ಓಡುತ್ತದೆ. ಬರೆಲ್ಲಾ ಗೋಲ್‌ಲೈನ್ ಹತ್ತಿರ ಬಾಲನ್ನು ಮೈಯಿಂದ ಮರೆಮಾಡಿ ಹೊರಗೆ ಹೋಗಲು ಬಿಡುತ್ತಿದ್ದ, ಕಾರ್ನರ್ ಸಿಗಲಿ ಅಂತ. ಪಾಚೊ ಕಾಲು ಹಾಕಿ ಕಿತ್ತುಕೊಂಡ. ಅಲ್ಲಿಂದ ಕ್ವಾರಾಟ್ಸ್‌ಖೇಲಿಯಾ, ಅಲ್ಲಿಂದ ಎಡಬದಿಯಲ್ಲಿ ಡೆಂಬೆಲೆ, ಅವನು ಆಚೆ ಬದಿಗೆ ಎತ್ತಿ ಹಾಕಿದ್ದು ಡುಎಗೆ. ಹೊಡೆತ ಡಿಮಾರ್ಕೊ ಕಾಲಿಗೆ ತಗುಲಿ ದಿಕ್ಕು ಬದಲಿಸಿತು. ಇದಕ್ಕೆ ಎಂಟು ಚಿತ್ರ ಬೇಕಾಯಿತು. ಫೋನ್ ಅಲ್ಲಾಡಬಾರದು ಅಂತ ಸ್ಟೂಲ್‌ನ ಕಾಲು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡೆ. ಎಂಟನ್ನೂ ಸಾಲಾಗಿ ಬೆರಳಲ್ಲಿ ಸರಿಸಿದರೆ ಗುಂಡಿಗಳು ಓಡುತ್ತವೆ. ಡಿಮಾರ್ಕೊ ಬಗ್ಗೆ ಏನೇ ಅನ್ನಿ, ಎಂಟೂ ಚಿತ್ರದಲ್ಲಿ ಅವನು ವಾಪಸ್ ಓಡುತ್ತಲೇ ಇದ್ದಾನೆ.

63ರಲ್ಲಿ ಮತ್ತೆ ಡುಎ, 73ರಲ್ಲಿ ಕ್ವಾರಾಟ್ಸ್‌ಖೇಲಿಯಾ, ಕೊನೆಗೆ ಬದಲಿಯಾಗಿ ಬಂದ ಮಾಯುಲು. ಆ ಹೊತ್ತಿಗೆ ಇಂಟರ್ ತಂಡ ಮುರಿದುಬಿದ್ದಿತ್ತು. ಅವನ್ನು ನಾನು ಜೋಡಿಸಿಲ್ಲ, ಜೋಡಿಸುವುದೂ ಇಲ್ಲ. ಅಷ್ಟು ಗಟ್ಟಿ ಹೃದಯ ನನಗಿಲ್ಲ.

ಬೋರ್ಡ್ ಈಗ ಹಾಲ್‌ನ ಗೋಡೆಗೆ ಏರಿದೆ. ನಾಲ್ಕು ಸ್ಕ್ರೂ, ರಾಲ್‌ಪ್ಲಗ್. ಪ್ಲೈವುಡ್ ತೂಕಕ್ಕೆ ಎರಡು ಸ್ಕ್ರೂ ಸಾಲದು. ಅಮ್ಮ ಹಾಲಿನ ಲೆಕ್ಕದ ಚೀಟಿಯನ್ನು ಒಂದು ಹಳದಿ ಗುಂಡಿಯಿಂದ ಸಿಕ್ಕಿಸುತ್ತಾರೆ. ಹೆಚ್ಚಾಗಿ ಪವಾರ್.

ಹೋದ ಭಾನುವಾರ ಹಳೇದೊಂದು ಜೋಡಿಸಿದೆ. ಅದೇ ವರ್ಷದ ಸೆಮಿಫೈನಲ್, ಬಾರ್ಸಿಲೋನಾ ಎದುರು, 93ನೇ ನಿಮಿಷ. 3-2 ಹಿಂದಿದ್ದೇವೆ. ದುಮ್ಫ್ರೀಸ್ ಬಲದಿಂದ ಬಾಲ್ ಹಾಕುತ್ತಿದ್ದಾನೆ. ನೀಲಿ ಗುಂಡಿಗಳು ಈಗ ಬಾರ್ಸಾ. ಅಕ್ಕನ ಮಗ ಮತ್ತೆ ಬಂದಿದ್ದ. ಬೋರ್ಡ್ ಹತ್ತಿರ ಬಂದು, ಎದುರಾಳಿ ಗೋಲಿನ ಮುಂದೆ ನಿಂತಿದ್ದ 15ನ್ನು ಕಿತ್ತು ನಮ್ಮ ಬಾಕ್ಸ್‌ಗೆ ತಂದು ಅಂಟಿಸಿದ.

"ಮಾವ, ಇವನ್ನ ನೀನು ತಪ್ಪಾಗಿ ಅಲ್ಲಿಟ್ಟಿದ್ದೆ."

ಆ ಬಾಲನ್ನು ಗೋಲಿಗೆ ಹೊಡೆದು 3-3 ಮಾಡಿದವನು ಅಚೆರ್ಬಿಯೇ. ವಾಪಸ್ ತಗೊಂಡು ಹೋಗಿ ಅಲ್ಲೇ ಇಟ್ಟೆ.